ಅಭಿನಂದನೆಯ ಸಾಲು

ವರ್ಷಕ್ಕೊಮ್ಮೆ ಪ್ರತಿ ಕೆಲಸಗಾರನ ಫೋನಿಗೂ ಕಂಪನಿ ಒಂದು ಹಾಳೆ ಕಳಿಸಬೇಕಂತೆ: ಸಂಬಳವಷ್ಟೇ ಅಲ್ಲ, ನಿನಗೆ ಏನೇನೆಲ್ಲ ಸುರಿದಿದ್ದೇವೆ ನೋಡಿಕೋ ಎಂದು. ಸಂಬಳ ಏರಿಸಿ ಅನ್ನುವವರ ಬಾಯಿ ಮುಚ್ಚಿಸಲು ಇದಕ್ಕಿಂತ ಸಭ್ಯವಾದ ಉಪಾಯ ಇನ್ನೊಂದಿಲ್ಲ. ಚಾಂಗ್‌ವೊನ್ ನಗರದ ಆ ಬೇರಿಂಗ್ ಕಾರ್ಖಾನೆಯಲ್ಲಿ ಅದನ್ನು ಕಂಪ್ಯೂಟರಿನಲ್ಲಿ ಅಣಿಗೊಳಿಸುವ ಕೆಲಸ ಸಿಬ್ಬಂದಿ ವಿಭಾಗದ ಪ್ಯೊ ಮಿರಾನ್ ತಲೆಗೆ ಬಂತು.

ಮಧ್ಯಾಹ್ನದ ಊಟ, ಬಸ್ಸು, ಚುಸೊಕ್ ಹಬ್ಬಕ್ಕೆ ಕೊಟ್ಟ ಹ್ಯಾಮ್ ಡಬ್ಬಿ, ಎಲ್ಲಕ್ಕೂ ಬೆಲೆ ಕಟ್ಟಿದಳು. ಮೊತ್ತ ಹೋದ ವರ್ಷಕ್ಕಿಂತ ಹೆಚ್ಚಿದ್ದರೆ ಹಾಳೆಯ ನೆತ್ತಿಯಲ್ಲಿ ‘ಅಭಿನಂದನೆಗಳು! ನಿಮ್ಮ ಮೇಲಿನ ನಮ್ಮ ಪ್ರೀತಿ ಇನ್ನಷ್ಟು ಬೆಳೆದಿದೆ’ ಎಂದು ತಾನಾಗಿ ಮೂಡುವಂತೆ ಮಾಡಿದವಳೂ ಅವಳೇ. ಆ ಸಾಲು ಅವಳಿಗೆ ತುಂಬಾ ಹಿಡಿಸಿತ್ತು.

ಕಳಿಸುವ ದಿನ ಬೆಳಿಗ್ಗೆ ಹಾಳೆಗಳನ್ನು ಕೊನೆಯ ಸಲ ನೋಡುವಾಗ ಕೂ ದೊಕ್‌ಜೆಯದು ಎದುರಾಯಿತು. ಗ್ರೈಂಡಿಂಗ್ ವಿಭಾಗದ ಹಳಬ. ವಸಂತದಲ್ಲಿ ಅವನ ಮಗಳು, ಇನ್ನೂ ಕಾಲೇಜಿನಲ್ಲಿದ್ದವಳು, ತೀರಿಕೊಂಡಿದ್ದಳು. ಕಂಪನಿ ಸಾಂತ್ವನದ ಹಣ ಕೊಟ್ಟಿತ್ತು, ಹೂವಿನ ಅಲಂಕಾರ ಕಳಿಸಿತ್ತು, ಅಂತ್ಯಕ್ರಿಯೆಗೆ ಬಂದವರಿಗೆ ಸಾರು ಬಡಿಸಲು ತನ್ನ ಹೆಸರು ಅಚ್ಚಾದ ಕಾಗದದ ಬಟ್ಟಲು, ಲೋಟ ಕಳಿಸಿತ್ತು. ಅಷ್ಟೂ ಸೇರಿ ಮೊತ್ತ ಏರಿತ್ತು. ನೆತ್ತಿಯಲ್ಲಿ ಅಭಿನಂದನೆ ಕೂತಿತ್ತು.

ಮಿರಾನ್ ವಿಭಾಗದ ಮುಖ್ಯಸ್ಥ ತಾಕ್ ಬಳಿಗೆ ಓಡಿದಳು.

“ಸರ್, ಮಗಳು ಸತ್ತಿದ್ದಕ್ಕೆ ಅಭಿನಂದನೆ ಹೇಳ್ದಂಗಾಗುತ್ತೆ. ಆ ಲೆಕ್ಕ ತೆಗೀಲೇಬೇಕು.”

“ತೆಗೆದ್ರೆ ಇಡೀ ಕಾರ್ಖಾನೆಯ ಒಟ್ಟು ಮೊತ್ತ ಇಳಿಯುತ್ತೆ ಕಣಮ್ಮ. ನಿರ್ದೇಶಕರು ಆಗ್ಲೇ ಯೂನಿಯನ್ನೋರಿಗೆ ತೋರ್ಸಿಬಿಟ್ಟಿದಾರೆ.”

“ಹೋಗ್ಲಿ, ಆ ಮೇಲಿನ ಸಾಲಾದ್ರೂ?”

“ಅದನ್ನ ಓದಿ ನಿರ್ದೇಶಕರೇ ನಿನ್ನ ಹೆಸರು ಹಿಡಿದು ಹೊಗಳಿದಾರೆ. ಈಗ ನೀನೇ ಹೋಗಿ ಬೇಡ ಅಂತೀಯಾ? ಅದನ್ನೆಲ್ಲ ಯಾರು ಓದ್ತಾರೆ ಬಿಡು. ಕೆಳಗಿನ ಅಂಕಿ ನೋಡಿ ನಮ್ಮನ್ನ ಬೈದು ಸುಮ್ನಾಗ್ತಾರೆ.”

ಮಿರಾನ್ ತನ್ನ ಮೇಜಿಗೆ ಮರಳಿದಳು. ಸದ್ದಿಲ್ಲದೆ ಕೂ ಹೆಸರನ್ನು ಕಳಿಸುವ ಪಟ್ಟಿಯಿಂದ ತೆಗೆದಳು.

ಊಟ ಮುಗಿಸಿ ಬಂದ ತಾಕ್ ಹಲ್ಲುಕಡ್ಡಿ ಆಡಿಸುತ್ತಾ ಹೇಳಿದ: “ಒಬ್ರಿಗೆ ಹೋಗಿಲ್ಲ ಅಂತ ಕೆಂಪಗೆ ತೋರಿಸ್ತಿತ್ತು. ಕಳಿಸೋ ಗುಂಡಿ ನಾನೇ ಒತ್ತಿಬಿಟ್ಟೆ.”

ಉಪಕಾರ ಮಾಡಿದವನ ಮುಖ ಅವನದು!

ಮರುದಿನ ಕೂ ರಟ್ಟಿನ ಪೆಟ್ಟಿಗೆ ಹೊತ್ತು ಬಂದ. ಮಿರಾನ್ ಎದ್ದು ನಿಂತಳು.

“ಕೂತ್ಕೊಳ್ಳಿ ಮೇಡಂ, ಜಗಳಕ್ಕೆ ಬಂದಿಲ್ಲ.” ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. “ಬಟ್ಟಲು ಉಳ್ಕೊಂಡ್ವು. ಬಂದೋರೆಲ್ಲ ಮಗಳ ಗೆಳತೀರು, ಚಿಕ್ಕ ಹುಡುಗೀರು, ಯಾರೂ ಊಟ ಮುಟ್ಲಿಲ್ಲ. ಲೋಟ ಅಂತೂ ಬಿಚ್ಚೇ ಇಲ್ಲ. ಇದರ ಬೆಲೆ ಕಳೆದ್ರೆ ಆ ಮೇಲಿನ ಮಾತು ಹೋಗುತ್ತಾ?”

ಹೋಗುವುದಿಲ್ಲ. ಸಾಂತ್ವನದ ಹಣದ ಮುಂದೆ ಬಟ್ಟಲು ಯಾವ ಲೆಕ್ಕ? ಮೇಲಾಗಿ, ಕೊಟ್ಟಿದ್ದನ್ನು ಬರೆಯಲು ಜಾಗ ಮಾಡಿದ್ದಳೇ ಹೊರತು ಹಿಂದೆ ಬಂದಿದ್ದನ್ನು ಬರೆಯಲು ಮಾಡಿರಲಿಲ್ಲ. ಯಾರಾದರೂ ವಾಪಸು ತರುತ್ತಾರೆಂದು ಅವಳಿಗೆ ಹೊಳೆದೇ ಇರಲಿಲ್ಲ.

“ಹೋಗುತ್ತೆ,” ಎಂದುಬಿಟ್ಟಳು.

“ಹಾಗಾದ್ರೆ ಈಗ್ಲೇ ಮಾಡಿ ಮೇಡಂ. ಅವಳ ಅಮ್ಮ ಇನ್ನೂ ನೋಡಿಲ್ಲ.”

ಕೂ ಜೇಬಿನಿಂದ ಫೋನ್ ತೆಗೆದು ಆ ಹಾಳೆಯನ್ನು ತೆರೆದ. ಅದನ್ನೇ ನೋಡುತ್ತಾ ನಿಂತ.