ಹಂಚಿನ ಚಕ್ಕಡಿ ಮತ್ತು ಕರೆಪ್ಪನ ಎದೆ

ಕರೆಪ್ಪ ಪೈಲ್ವಾನನ ಎದೆಯ ಮೇಲೆ ಲೋಂಡಾ ಕಡೆಯ ರೈಲು ಹತ್ತಿ ಇಳಿದು ಹೋಯಿತು; ಅವನು ಎದ್ದು ಮೈಗೆ ಹತ್ತಿದ ಇದ್ದಿಲ ಪುಡಿ ಕೊಡವಿಕೊಂಡು ಎರಡು ಸೇರು ಹಾಲು ಕುಡಿದ. ಇದರಲ್ಲಿ ಅರ್ಧ ಸುಳ್ಳು. ರೈಲಲ್ಲ, ಎತ್ತಿನ ಚಕ್ಕಡಿ. ಹಾಲು ಮಾತ್ರ ನಿಜ. ಅದನ್ನು ಕಾಸಿ ಕೊಟ್ಟವಳು ಅವನ ಹೆಂಡತಿ ಸಾವಂತ್ರವ್ವ. ಪಾತ್ರೆಯ ತಳಕ್ಕೆ ಹತ್ತಿದ ಕೆನೆಯನ್ನೂ ಅವನೇ ಬೆರಳಿನಿಂದ ಬಳಿದು ನೆಕ್ಕುತ್ತಿದ್ದ.

ಆ ಕಾಲಕ್ಕೆ ಬೆಳಗಾವಿಯಿಂದ ಖಾನಾಪುರದವರೆಗೆ ಅಂಥ ಗಂಡು ಇನ್ನೊಂದಿರಲಿಲ್ಲ. ಜೋಳದ ಚೀಲವನ್ನು ಹಲ್ಲಿನಿಂದ ಕಚ್ಚಿ ಎತ್ತಿ ಬೆನ್ನ ಹಿಂದಕ್ಕೆ ಎಸೆಯುತ್ತಿದ್ದ. ಕಬ್ಬಿಣದ ಸಲಾಕೆಯನ್ನು ಕೊರಳಿಗೆ ಒತ್ತಿ ಬಿಲ್ಲಿನಂತೆ ಬಾಗಿಸುತ್ತಿದ್ದ. ತಾಲೀಮಿನ ಗರಡಿಯಲ್ಲಿ ಅವನು ತೊಡೆ ತಟ್ಟಿದರೆ ಕಾಕತಿ ಊರಿನ ಕೋಳಿಗಳು ಗಾಬರಿಯಾಗಿ ಮೊಟ್ಟೆ ಇಡುತ್ತಿದ್ದವು. ಈ ಕೊನೆಯದನ್ನು ಸ್ವಲ್ಪ ಕಡಿಮೆ ಮಾಡಿಕೊಂಡು ಕೇಳಿ.

ಅವನು ಹೆಸರಾದದ್ದು ಎದೆಯ ಮೇಲೆ ಚಕ್ಕಡಿ ನಿಲ್ಲಿಸಿಕೊಳ್ಳುವುದಕ್ಕೆ. ಅದಕ್ಕೊಂದು ಕಟ್ಟಳೆ ಇತ್ತು. ಎದೆಯ ಮೇಲಿನ ಹಲಗೆಗೆ ಗಾಲಿ ಬಂದು ನಿಂತಿತೆಂದರೆ, ಪಂಥ ಕಟ್ಟಿದವನು ‘ಸಾಕು’ ಅನ್ನುವವರೆಗೆ ಇಳಿಸುವಂತಿಲ್ಲ. ಮಲಗಿದವನೇ ಸೋತು ‘ಸಾಕು’ ಅಂದರೆ ಅವನ ಕೈಗೆ ಹಸಿರು ಬಳೆ ತೊಡಿಸಿ ಊರೆಲ್ಲ ತಿರುಗಿಸುತ್ತಾರೆ. ಭಾರದ ಕೆಳಗೆ ಗಂಟಲು ಏಳುವುದಿಲ್ಲವಲ್ಲ, ಅದಕ್ಕೆ ಅವನ ಮನೆಯವರೊಬ್ಬರು ತಲೆಯ ಹತ್ತಿರ ಕೂತು ಅವನು ಪಿಸುಗುಟ್ಟಿದ್ದನ್ನು ಕೂಗಿ ಹೇಳಬೇಕು. ಅವರು ಕೂಗಿದ್ದೇ ಅವನ ಮಾತು. ಹದಿನಾಲ್ಕು ವರ್ಷದಿಂದ ಆ ಜಾಗ ಸಾವಂತ್ರವ್ವನದು. ಒಮ್ಮೆಯೂ ಬಾಯಿ ತೆರೆಯುವ ಪ್ರಸಂಗ ಬಂದಿರಲಿಲ್ಲ.

ಮನೆಯಲ್ಲಿ ಮಾತ್ರ ತೆರೆಯಬೇಕಾಗುತ್ತಿತ್ತು. ತಾಲೀಮಿನ ಗೆಳೆಯರು ಬಂದರೆ ಕರೆಪ್ಪ ಬೀಸುವ ಕಲ್ಲಿನ ಮೇಲಿನ ಬಿಲ್ಲೆಯನ್ನು ತೆಗೆದು ಅವಳ ತಲೆಯ ಮೇಲಿಟ್ಟು ನಿಲ್ಲಿಸುತ್ತಿದ್ದ.

“ಪೈಲ್ವಾನನ ಹೇಣ್ತಿ ನೋಡ್ರೆಪಾ, ಹೆಂಗ ನಿಂತಾಳ! ಲೇ, ಸಾಕು ಅಂತೀಯೇನು?”

“ಸಾಕ್ರೀ.”

“ಏನಂದಿ? ಕೇಳಸವಲ್ದು.”

ಗೆಳೆಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಐದು ತಿಂಗಳ ಬಸುರಿಯಾಗಿದ್ದಾಗಲೂ ಹಾಗೇ ನಿಲ್ಲಿಸಿದ. ಏಳು ಸಲ ಅಂದಳು. ಏಳು ಸಲವೂ ಅವನಿಗೆ ಕೇಳಿಸಲಿಲ್ಲ. ಆ ಬಸಿರು ಉಳಿಯಲಿಲ್ಲ, ಮುಂದೆ ಇನ್ನೊಂದು ನಿಲ್ಲಲಿಲ್ಲ. ಊರವರು ಬಂಜೆ ಅಂದರು. ಕರೆಪ್ಪ ಊರವರಿಗಿಂತ ಮೊದಲೇ ಅಂದಿದ್ದ.

ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಕರೆಪ್ಪನ ನಾಲಿಗೆ ಖಾನಾಪುರದ ಅವಧೂತ ಶೇಠನನ್ನು ಮುಟ್ಟಿತು. ಶೇಠನದು ಹಂಚಿನ ಭಟ್ಟಿ. “ಶೇಠನ ಹಂಚಿನ ಮ್ಯಾಲ ಗುಬ್ಬಿ ಕುಂತರ ಒಡೀತಾವ” ಎಂದು ಕರೆಪ್ಪ ಬೆಳಗಾವಿಯ ತಾಲೀಮಿನಲ್ಲಿ ಅಂದದ್ದು, ಸಂಜೆಯ ಬಸ್ಸು ಹತ್ತಿ ಖಾನಾಪುರ ಮುಟ್ಟಿತು.

“ಹಂಗಾರ ಅವs ಹಂಚು ಅವನ ಎದಿ ಮ್ಯಾಲ ಹೇರೂಣು,” ಅಂದ ಶೇಠ. “ಹಂಚು ಮೊದಲ ಒಡೀತಾವೋ, ಎಲಬು ಮೊದಲ ಮುರೀತಾವೋ ನೋಡೂಣಲ್ಲ.”

ಕರೆಪ್ಪನಿಗಾಗ ನಲವತ್ತಾರು. ರಾತ್ರಿ ಮಗ್ಗುಲು ಬದಲಿಸುವಾಗ ಎಡಗಡೆ ಹಿಡಿದುಕೊಂಡು ನರಳುವುದು ಸಾವಂತ್ರವ್ವನಿಗೆ ಮಾತ್ರ ಗೊತ್ತಿತ್ತು. ಪಂಥದ ದಿನ ಭಟ್ಟಿಯ ಅಂಗಳದಲ್ಲಿ ಅರ್ಧ ತಾಲೂಕೇ ನೆರೆದಿತ್ತು. ಮಣ್ಣಿನ ಮೇಲೆ ಅಂಗಾತ ಮಲಗುತ್ತ ಅವನು ಅವಳ ಸೆರಗು ಹಿಡಿದು ಎಳೆದ.

“ನೋಡು, ನನ್ನ ಬಾಯಿಂದ ಏನs ಬರಲಿ, ನಿನ್ನ ಬಾಯಿಂದ ‘ಹೇರ್ರಿ’ ಅಂತs ಬರಬೇಕು. ಬ್ಯಾರೇ ಬಂತಂದ್ರ ಮನಿಗೆ ಹೋಗಿ ಹಲ್ಲ ಉದರಸ್ತೀನಿ.”

“ಆತ್ರಿ,” ಅಂದಳು.

ಹಲಗೆ ಇಟ್ಟರು. ಎತ್ತುಗಳು ಚಕ್ಕಡಿಯನ್ನು ಎಳೆದು ತಂದವು. ಗಾಲಿ ಎದೆಯ ನಟ್ಟನಡುವೆ ನಿಂತಿತು. ಎತ್ತು ಬಿಚ್ಚಿ, ಆಳುಗಳು ಎರಡು ಸಾಲಾಗಿ ನಿಂತು ಹಂಚು ಹೇರತೊಡಗಿದರು. ಐವತ್ತು. ನೂರು. ಕರೆಪ್ಪನ ಮುಖ ಕೆಂಪಾಯಿತು. ಇನ್ನೂರಕ್ಕೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಹಣೆಯ ನರ ಹಗ್ಗದಷ್ಟು ದಪ್ಪ. ಜನ ಶೇಠನ ಕಡೆ ನೋಡಿದರು. ಶೇಠ ಕುರ್ಚಿಯಲ್ಲಿ ಕೂತು ಬಶಿಗೆ ಚಹಾ ಸುರುವಿಕೊಂಡು ಊದುತ್ತಿದ್ದ.

“ಶೇಠರ, ಸಾಕು ಅನ್ರಲ್ಲ!” ಯಾರೋ ಕೂಗಿದರು.

“ಬಾಯಾಗ ಚಹಾ ಐತ್ಯೋ. ಹೆಂಗ ಅನ್ಲಿ?”

ಕೆಲವರು ನಕ್ಕರು. ಕರೆಪ್ಪನ ಮೂಗಿನಿಂದ ರಕ್ತ ಇಳಿದಾಗ ಆ ನಗೆ ನಿಂತಿತು. ಭಟ್ಟಿಯ ಗುಮಾಸ್ತ ದಿಗಂಬರ ಶೇಠನ ಕಿವಿಗೆ ಬಾಗಿದ.

“ಸತ್ತಗಿತ್ತಾನ್ರಿ ಶೇಠ. ಹಿಂಡಲಗಾ ಜೇಲಿನಾಗ ಮುದ್ದಿ ಮುರೀಬೇಕಾದೀತು.”

“ನಾ ಯಾಕ ಮುರೀಲಿ? ಅವನ ಹೇಣ್ತಿ ತಲಿ ಬಾಜೂಕs ಕುಂತಾಳಲ್ಲ. ಅಂವ ಸೋತೀನಿ ಅಂದ್ರ ಅಕಿ ಒದರ್ತಾಳ. ಹಸರ ಬಳಿ ತರಸೀನಿ, ನೋಡಲ್ಲೆ, ಎರಡ ಡಜನ್.”

ಕರೆಪ್ಪನ ತುಟಿ ಅಲುಗಿತು. ಸಾವಂತ್ರವ್ವ ಬಾಗಿದಳು. ಅವನ ಉಸಿರಿನಲ್ಲಿ ಹಸಿ ರಕ್ತದ ವಾಸನೆ ಇತ್ತು.

“ಸಾಕು,” ಅಂದ. ಮತ್ತೆ, “ಸಾಕು... ಅನ್ನು.”

ಸ್ಪಷ್ಟವಾಗಿ ಕೇಳಿಸಿತು. ಸೆರಗಿನಿಂದ ಅವನ ಮೂಗು ಒರೆಸಿದಳು, ಮಗುವಿಗೆ ಒರೆಸಿದಂತೆ ಮೆಲ್ಲಗೆ. ಅವನ ಕಣ್ಣುಗಳು ಅವಳ ಬಾಯಿಯನ್ನೇ ಹಿಡಿದಿದ್ದವು. ಹದಿನಾಲ್ಕು ವರ್ಷದಲ್ಲಿ ಅವನು ಅವಳನ್ನು ಅಷ್ಟು ಹೊತ್ತು ನೋಡಿದ್ದೇ ಇಲ್ಲ.

“ಏನಂದಾನವಾ ಪೈಲ್ವಾನ?” ಜನ ಕೇಳಿದರು. “ಲಗೂನ ಹೇಳ!”

ಹಂಚು ಹಿಡಿದ ಆಳುಗಳು ಕೈ ಎತ್ತಿಕೊಂಡೇ ನಿಂತರು. ಶೇಠನೂ ಬಶಿ ಕೆಳಗಿಟ್ಟ. ಸಾವಂತ್ರವ್ವ ಮೊಣಕಾಲಿಗೆ ಕೈ ಊರಿ ಎದ್ದಳು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು, ಎದೆ ತುಂಬ ಉಸಿರು ಎಳೆದುಕೊಂಡಳು. ಅಂಗಳದ ಆಚೆಯ ರಸ್ತೆಗೂ ಕೇಳುವ ಹಾಗೆ ಒಂದೇ ಒಂದು ಮಾತು ಕೂಗಿದಳು.

ಯಾವ ಮಾತು? ನೀವೇ ಹೇಳಿ ನೋಡೋಣ. ಅವಸರ ಬೇಡ, ಎಲೆಗೆ ಸುಣ್ಣ ಹಚ್ಚಿಕೊಂಡು ಯೋಚನೆ ಮಾಡಿ. ಗಂಡ ಹೇಳಿದ್ದನ್ನು ಅವಳು ಒಂದು ದಿನವೂ ಮೀರಿದವಳಲ್ಲ. ಆ ದಿನ ಅವನು ಎರಡು ಥರ ಹೇಳಿದ್ದ, ಅಷ್ಟೇ.