ಎಡಕ್ಕೆ ತಿರುಗದ ಬಿಜಲಿ

ಅಕ್ಬರ್ ಪಾಷಾನ ಕುದುರೆ ಬಿಜಲಿ ಎಡಕ್ಕೆ ತಿರುಗಲು ಒಲ್ಲೆನೆಂದದ್ದು ಆರ್.ಟಿ. ನಗರದ ಒಂದು ಮದುವೆಯಲ್ಲಿ. ಛತ್ರವಿದ್ದದ್ದು ಎಡಗಡೆಯ ರಸ್ತೆಯಲ್ಲಿ. ಮದುಮಗನನ್ನು ಹೊತ್ತ ಬಿಜಲಿ ಬಲಕ್ಕೆ ಹೊರಟಿತು. ಅದರ ಹಿಂದೆ ಬ್ಯಾಂಡಿನವರು, ಅವರ ಹಿಂದೆ ಬೀಗರು. ಮೂರು ಬೀದಿ ಸುತ್ತಿ ಮದುಮಗ ಬಂದು ನಿಂತದ್ದು ಯಾರದೋ ಮನೆಯ ನಾಮಕರಣದ ಚಪ್ಪರದೆದುರು. ಆ ಮನೆಯವರು ಪಾಪ, ಆರತಿಯನ್ನೂ ಎತ್ತಿದರು.

ಮೂವತ್ತು ವರ್ಷದಿಂದ ಯಲಹಂಕದಲ್ಲಿ ಮೆರವಣಿಗೆಗೆ ಕುದುರೆ ಒದಗಿಸುತ್ತಿದ್ದ ಪಾಷಾ ನಾಚಿಕೆಯಿಂದ ಎರಡು ದಿನ ಟೀ ಅಂಗಡಿಗೂ ಹೋಗಲಿಲ್ಲ. ಪಶುವೈದ್ಯರು ಬಂದು ನೋಡಿ, ಮೂಳೆಗೇನೂ ಆಗಿಲ್ಲ, ಕತ್ತಿನ ಮಾಂಸಖಂಡ ಬಿಗಿದುಕೊಂಡಿದೆ ಎಂದರು. ಮಗಳು ಜೋಯಾ ದಿವ್ಯ ಎಂಬಾಕೆಯನ್ನು ಕರೆತಂದಳು. ಚಿಕ್ಕಜಾಲದ ಕಡೆ ಸವಾರಿ ಕಲಿಸುವ ಜಾಗಗಳಲ್ಲಿ ಕುದುರೆಗಳ ಮೈಬಿಗಿತ ಬಿಡಿಸುವುದು ಆಕೆಯ ಕೆಲಸ.

ದಿವ್ಯ ಬಿಜಲಿಯ ಕಿವಿಯ ಹಿಂದೆ ಎರಡು ಬೆರಳು ಇಟ್ಟಳು. ಇಟ್ಟು ಸುಮ್ಮನೆ ನಿಂತಳು. ಐದು ನಿಮಿಷವಾಯಿತು.

"ಯಾವಾಗ ಶುರು ಮಾಡ್ತೀಯಮ್ಮಾ?" ಪಾಷಾ ಕೇಳಿದ.

"ಮಾಡ್ತಾ ಇದೀನಿ ಸರ್."

ಅಷ್ಟರಲ್ಲಿ ಬಿಜಲಿ ರೆಪ್ಪೆ ಬಡಿಯಿತು, ತುಟಿ ನೆಕ್ಕಿಕೊಂಡಿತು, ಹಲ್ಲೆಲ್ಲ ಕಾಣುವಂತೆ ಆಕಳಿಸಿತು.

"ನಿದ್ದೆ ಬರ್ತಾ ಇದೆ ಅದಕ್ಕೆ. ನನಗೂ ಬರ್ತಾ ಇದೆ."

"ನಿದ್ದೆ ಅಲ್ಲ ಸರ್, ಬಿಗಿ ಬಿಡ್ತಾ ಇದೆ," ಎಂದು ದಿವ್ಯ ಅದರ ಮೂತಿಯನ್ನು ಅಂಗೈಯಲ್ಲಿಟ್ಟುಕೊಂಡು ತೊಟ್ಟಿಲು ತೂಗಿದಷ್ಟೇ ಮೆಲ್ಲಗೆ ಅತ್ತಿತ್ತ ಆಡಿಸಿದಳು. "ಮೆರವಣಿಗೇಲಿ ನೀವು ಯಾವ ಕಡೆ ನಡೀತೀರಾ?"

"ಬಲಗಡೆ."

"ಹಗ್ಗ ನಿಮ್ಮ ಕಡೆ ಎಳ್ಕೊಂಡೇ ನಡೀತೀರಾ?"

"ಎಳೀಬೇಕಲ್ಲಮ್ಮಾ! ಆ ಬ್ಯಾಂಡ್ ಸದ್ದಿಗೆ ಓಡಿಹೋದ್ರೆ? ಎಂಟು ವರ್ಷದಿಂದ ಹಂಗೇ…"

ಪಾಷಾ ತನ್ನ ಕೈಯನ್ನೂ ಬಿಜಲಿಯ ಕತ್ತನ್ನೂ ನೋಡಿದ. ಕೈಯಲ್ಲಿದ್ದ ಹಗ್ಗವನ್ನು ಗೋಡೆಯ ಮೊಳೆಗೆ ನೇತುಹಾಕಿದ.

ಮಾರನೆಯ ದಿನದಿಂದ ತಾನೇ ಕಲಿಯಲು ಕೂತ. ಅವನು ಬೆರಳಿಟ್ಟರೆ ಸಾಕು, ಬಿಜಲಿ ತಲೆ ಕೊಡವಿ ಆಚೆ ಸರಿಯುತ್ತಿತ್ತು. "ಹಣ್ಣಾದ ಟೊಮೇಟೊ ಹಿಡ್ಕೊಂಡಂಗೆ ಹಿಡೀಬೇಕು ಸರ್," ಎಂದಳು ದಿವ್ಯ. ಪಾಷಾ ಅಡುಗೆಮನೆಗೆ ಹೋಗಿ ಟೊಮೇಟೊ ಹಿಡಿದು ಅಭ್ಯಾಸ ಮಾಡಿದ. ಹೆಂಡತಿ ತಾಹೆರಾ ನಾಲ್ಕು ದಿನ ಸಾರಿಗೆ ಬರೀ ಜಜ್ಜಿದ ಟೊಮೇಟೊ ಹಾಕಿದಳು. "ಮದುವೆಯಾದಾಗಿಂದ ಹೇಳ್ತಾನೇ ಇದೀನಿ, ನಿಮ್ಮ ಕೈ ಭಾರ ಅಂತ," ಎಂದು ಜೋಯಾಳ ಮುಂದೆಯೇ ಅಂದಳು. ಐದನೆಯ ದಿನ ಟೊಮೇಟೊ ಉಳಿಯಿತು. ಆರನೆಯ ದಿನ ಬಿಜಲಿ ಅವನ ಕೈಕೆಳಗೆ ಆಕಳಿಸಿತು. ಪಾಷಾ ಕಣ್ಣೊರೆಸಿಕೊಂಡು, ಹೊಟ್ಟಿನ ದೂಳು ಬಿತ್ತು ಎಂದ.

ಮೂರು ವಾರದ ಮೇಲೆ ಮತ್ತಿಕೆರೆಯಲ್ಲಿ ಬೆಳಗಿನ ಮದುವೆ. ಮದುಮಗ ವಿಜಯಕುಮಾರ, ಬಾಗಲಕೋಟೆ ಕಡೆಯವನು. ಎಡಕ್ಕೆ ತಿರುಗಬೇಕಾದ ಕಡೆ ಬ್ಯಾಂಡಿನವರು ಒಮ್ಮೆಲೇ ಜೋರಾಗಿ ಬಾರಿಸಿದರು. ಬಿಜಲಿಯ ಕತ್ತು ಸೆಟೆದುಕೊಂಡಿತು. ಹಗ್ಗ ಎಳೆಯಲು ಹೋದ ಪಾಷಾನ ಕೈ ಅರ್ಧದಲ್ಲೇ ನಿಂತಿತು. ಎಡಗಡೆಗೆ ಸುತ್ತಿ ಬಂದು, ಎರಡೇ ಬೆರಳು ಅದರ ಕಿವಿಯ ಹಿಂದಿಟ್ಟು ಕಾದ.

ಹಿಂದೆ ಬಸ್ಸು ಹಾರ್ನ್ ಹೊಡೆಯಿತು. ಮದುಮಗನ ಕಾಕಾ ಅಪ್ಪಾಸಾಹೇಬ ಓಡಿ ಬಂದ.

"ಏನ್ರೀ ಪಾಷಾ, ಮುಹೂರ್ತ ಮೀರಾಕತ್ತೈತಿ, ನೀವು ಕುದುರಿ ಕಿವಿ ಹಿಡ್ಕೊಂಡು ನಿಂತೀರಲ್ಲ!"

"ಒಂದ್ನಿಮಿಷ ಸಾಹೇಬ್ರೆ. ಆ ಬ್ಯಾಂಡ್ ನಿಲ್ಸಿ."

ಬ್ಯಾಂಡು ನಿಂತಿತು. ಬಿಜಲಿ ತಲೆ ತಗ್ಗಿಸಿ, ತುಟಿ ನೆಕ್ಕಿ, ದೊಡ್ಡದಾಗಿ ಆಕಳಿಸಿತು. ಅದನ್ನು ನೋಡಿ ಅಪ್ಪಾಸಾಹೇಬನೂ ಆಕಳಿಸಿದ. ಆಮೇಲೆ ಕುದುರೆ ಯಾರೂ ಹೇಳದೆಯೇ ಎಡಕ್ಕೆ ತಿರುಗಿ ಛತ್ರದ ಬಾಗಿಲಿಗೆ ಹೋಗಿ ನಿಂತಿತು.

ಬಿಗಿ ಪೇಟ ಕಟ್ಟಿಕೊಂಡು ಕಂಬದಂತೆ ಕೂತಿದ್ದ ವಿಜಯಕುಮಾರ ಇಳಿಯುವಾಗ ಪಾಷಾನ ಕಿವಿಯ ಹತ್ತಿರ ಬಗ್ಗಿದ.

"ಪಾಷಾರೇ, ಮುಂಜಾನಿಂದ ನನ್ನ ಕುತ್ತಿಗಿ ಹಿಡ್ಕೊಂಡೈತ್ರಿ. ನನಗೂ ಒಂಚೂರು ಮಾಡ್ತೀರೇನು?"

ಪಾಷಾ ಅವನ ಹೆಗಲನ್ನು ಪರೀಕ್ಷಿಸುವವನಂತೆ ನೋಡಿ ಹೇಳಿದ:

"ಮೊದ್ಲು ತಾಳಿ ಕಟ್ಬಿಟ್ಟು ಬನ್ನಿ. ಈಗ್ಲೇ ಮಾಡಿದ್ರೆ ಮಂಟಪದಲ್ಲಿ ಆಕಳಿಸ್ತೀರಾ."