ಪಕ್ಕದಂಗಡಿಗೆ ಹೋದ ಸ್ಪೀಡು

ಸಂಶಯಪಡುವುದರಲ್ಲಿ ಬಂಟ್ವಾಳ ಪೇಟೆಯಲ್ಲಿ ಪ್ರಫುಲ್ಲಾಳನ್ನು ಮೀರಿಸಿದವರಿಲ್ಲ. ಹಾಲಿನವನು ನಗುತ್ತಾ ಬಂದರೆ ಇವತ್ತು ನೀರು ಜಾಸ್ತಿ ಹಾಕಿದ್ದಾನೆ ಎನ್ನುತ್ತಾಳೆ. ನಗದೆ ಬಂದರೆ ನಿನ್ನೆ ಹಾಕಿದ್ದು ನೆನಪಾಗಿ ಮುಖ ಸಣ್ಣದಾಗಿದೆ ಎನ್ನುತ್ತಾಳೆ. ಇಂಥವಳ ಕಂಪ್ಯೂಟರು ರಿಪೇರಿಗೆ ಹೋಗಿ ಬಂದ ಮೇಲೆ ತೆವಳತೊಡಗಿದರೆ ಅವಳು ಸುಮ್ಮನಿರುತ್ತಾಳೆಯೇ?

ಹೊಳೆಯ ಹತ್ತಿರದ ರಸ್ತೆಯಲ್ಲಿ ಅವಳದು ಮದುವೆ ಆಲ್ಬಮ್ ಮಾಡಿಕೊಡುವ ಅಂಗಡಿ. ಅಲ್ಲಿರುವುದು ದಪ್ಪ ಪುಸ್ತಕದಷ್ಟೇ ಗಾತ್ರದ ಡೆಸ್ಕ್‌ಟಾಪ್. ಲ್ಯಾಪ್‌ಟಾಪಿನ ಹಾಗೆ ಅದಕ್ಕೂ ಹೊರಗಿನಿಂದ ಒಂದು ಅಡಾಪ್ಟರ್ ಸಿಕ್ಕಿಸಬೇಕು. ಮಳೆಗಾಲ ಶುರುವಾದಾಗ ಅದರ ಫ್ಯಾನು ಗುರುಗುಟ್ಟತೊಡಗಿತೆಂದು ಮೂಡಬಿದ್ರೆಯ ಉನೈಸನನ್ನು ಕರೆಸಿದಳು. ಹಲವು ವರ್ಷಗಳಿಂದ ಅವಳ ಕಂಪ್ಯೂಟರ್ ನೋಡಿಕೊಳ್ಳುತ್ತಿರುವವನು ಅವನೇ. "ಬಾಕ್ಸ್ ಮಾತ್ರ ಸಾಕು ಅಕ್ಕ, ಅಡಾಪ್ಟರ್ ನನ್ನ ಅಂಗಡಿಯಲ್ಲಿ ಉಂಟು" ಎಂದು ಬಾಕ್ಸನ್ನಷ್ಟೇ ಚೀಲಕ್ಕೆ ಹಾಕಿಕೊಂಡು ಹೋದ.

ಅದೇ ವಾರ ನೇತ್ರಾವತಿ ಏರಿತು. ಪೇಟೆಯವರಿಗೆ ಇದೇನು ಹೊಸತಲ್ಲ. ಬೈಯುತ್ತಾ ಬೈಯುತ್ತಾ ಎಲ್ಲವನ್ನೂ ಅಟ್ಟಕ್ಕೆ ಏರಿಸುವುದು, ಬೈಯುತ್ತಾ ಬೈಯುತ್ತಾ ಇಳಿಸುವುದು. ಪಕ್ಕದ ಝೆರಾಕ್ಸ್ ಅಂಗಡಿಯ ರುಕ್ಮಯ್ಯನಿಗೆ ಅಟ್ಟ ಇಲ್ಲ. ಅವನ ಲ್ಯಾಪ್‌ಟಾಪು, ವಯರು, ಕಾಗದದ ಕಟ್ಟು ಎಲ್ಲವೂ ಪ್ರಫುಲ್ಲಾಳ ಅಟ್ಟಕ್ಕೇ ಬಂದವು. ನೀರಿಳಿದ ಮೇಲೆ ಕೆಸರು ಬಾಚಿ, ಅವರವರ ಸಾಮಾನು ಅವರವರು ಇಳಿಸಿಕೊಂಡರು. ಮರುದಿನ ಉನೈಸ್ ಬಾಕ್ಸ್ ತಂದು ಮೇಜಿನ ಮೇಲಿಟ್ಟು, ಬಸ್ಸು ತಪ್ಪುತ್ತದೆಂದು ಓಡಿದ.

ಆ ಓಟದ ಮೇಲೆಯೇ ಪ್ರಫುಲ್ಲಾಳಿಗೆ ಮೊದಲ ಸಂಶಯ.

ಏಕೆಂದರೆ ಅವತ್ತಿನಿಂದ ಬಾಕ್ಸಿಗೆ ಜೀವವೇ ಇಲ್ಲ. ಒಂದು ಫೋಟೋ ತೆರೆಯುವಷ್ಟರಲ್ಲಿ ಚಾ ಕುಡಿದು ಲೋಟ ತೊಳೆದಿಡಬಹುದು. ಬೆಳಿಗ್ಗೆ ಸ್ವಿಚ್ ಹಾಕಿದರೆ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಎರಡು ಸಾಲು ಬಂದು ನಿಲ್ಲುತ್ತಿತ್ತು. ಕೀಲಿ ಒತ್ತಿದರಷ್ಟೇ ಮುಂದಕ್ಕೆ. ಇದೂ ಅವನೇ ತುರುಕಿದ ಯಾವುದೋ ಕಿತಾಪತಿ ಎಂದುಕೊಂಡು, ಅವಳು ಓದದೆಯೇ ನೊಣ ಓಡಿಸಿದ ಹಾಗೆ ಒತ್ತಿಬಿಡುತ್ತಿದ್ದಳು. ಪ್ರೊಸೆಸರಿನ ವೇಗ ತೋರಿಸುವ ಕಿಟಕಿ ತೆರೆದು ನೋಡಿದರೆ 0.79 ಗಿಗಾಹರ್ಟ್ಸ್. ಮೊದಲು ಮೂರರ ಮೇಲೆ ಓಡುತ್ತಿದ್ದದ್ದು ಈಗ ಏನು ಮಾಡಿದರೂ ಒಂದಕ್ಕೂ ಏರುವುದಿಲ್ಲ. ಕರೆಂಟು ಉಳಿಸುವ ಸೆಟ್ಟಿಂಗು ಬದಲಿಸಿದಳು. ಬಿಸಿಯಾಗಿದೆಯೋ ಎಂದು ಕೈಯಿಟ್ಟು ನೋಡಿದಳು, ತಣ್ಣಗಿತ್ತು. ಮತ್ತೆ ಉಳಿದದ್ದು ಒಂದೇ: ಒಳಗಿನ ಒಳ್ಳೆಯ ಪ್ರೊಸೆಸರ್ ತೆಗೆದು ಗುಜರಿ ಹಾಕಿದ್ದಾನೆ.

ಫೋನ್ ಮಾಡಿದಳು. "ನನ್ನಲ್ಲಿ ಚಂದ ಓಡಿತ್ತಲ್ಲ ಅಕ್ಕ" ಎಂದ ಉನೈಸ್. "ಶನಿವಾರ ಬಂದು ನೋಡ್ತೇನೆ."

ಚಂದ ಓಡಿತ್ತಂತೆ. ಕದ್ದವನು ಮತ್ತೇನು ಹೇಳುತ್ತಾನೆ?

ಅವಳು ಹೀಗೆ ಕುದಿಯುತ್ತಿರುವಾಗಲೇ ಮುಂಡಾಜೆಯಿಂದ ಒಂದು ಫೋನ್ ಬಂತು. "ಪ್ರಫುಲ್ಲಕ್ಕ ಅಲ್ವಾ? ನಾನು ಜುಲೈಕಾ ಅಂತ. ನಮ್ಮ ಅಕ್ಕನ ಮಗಳು ರಿಫಾಳಿಗೆ ಮೂಡಬಿದ್ರೆಯ ಉನೈಸನ ಸಂಬಂಧ ಬಂದುಂಟು. ನಿಮ್ಮಲ್ಲಿಗೆ ಬರುವ ಹುಡುಗನಂತೆ. ಜನ ಹೇಗೆ?"

ಹೆಣ್ಣು ಕೊಡುವ ಮೊದಲು ಹೀಗೆ ನಾಲ್ಕು ಕಡೆ ವಿಚಾರಿಸುವುದು ನಮ್ಮಲ್ಲಿ ಎಲ್ಲ ಜಾತಿಯವರಿಗೂ ಇರುವ ಕ್ರಮ. ಅದಕ್ಕೊಂದು ಭಾಷೆಯೂ ಇದೆ. ಹುಡುಗ ಒಳ್ಳೆಯವನಾದರೆ "ಕಣ್ಣುಮುಚ್ಚಿ ಕೊಡಿ" ಎನ್ನುತ್ತಾರೆ. ಸಾಧಾರಣದವನಾದರೆ "ತೊಂದರೆ ಇಲ್ಲ" ಎನ್ನುತ್ತಾರೆ. ಕೆಟ್ಟವನೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಪಾಪ ಸುತ್ತಿಕೊಳ್ಳುತ್ತದೆ. ಅಂಥವನ ಬಗ್ಗೆ ಕೇಳಿದರೆ ಹೇಳುವ ಮಾತೊಂದಿದೆ. ಪ್ರಫುಲ್ಲಾ ಪರದೆಯ ಮೇಲಿನ 0.79 ನೋಡುತ್ತಾ ಅದನ್ನೇ ಹೇಳಿದಳು.

"ನನಗೆ ಗೊತ್ತಿಲ್ಲ."

"ಆಯ್ತು. ಉಪಕಾರ ಆಯ್ತು" ಎಂದು ಜುಲೈಕಾ ಫೋನಿಟ್ಟರು. ತಾನೇನೂ ದೂರು ಹೇಳಿಲ್ಲವಲ್ಲ ಎಂದು ಪ್ರಫುಲ್ಲಾ ಸಮಾಧಾನದಿಂದಲೇ ಊಟದ ಡಬ್ಬಿ ಬಿಚ್ಚಿದಳು.

ಶುಕ್ರವಾರ ರುಕ್ಮಯ್ಯ ಬಾಗಿಲಿಗೆ ಬಂದು ನಿಂತ. ಅವನ ಮುಖದಲ್ಲಿ ಮದುಮಗನ ಕಳೆ. "ಎಂತ ವಿಚಿತ್ರ ಮಾರಾಯ್ತಿ. ನೆರೆ ಬಂದು ಹೋದ ಮೇಲೆ ನನ್ನ ಲ್ಯಾಪ್‌ಟಾಪ್ ಕುದುರೆಯ ಹಾಗೆ ಓಡ್ತಾ ಉಂಟು. ಮೊದಲು ಒಂದು ಅರ್ಜಿ ತೆರೆಯುವಾಗ ಜನ ಎದ್ದು ಹೋಗ್ತಿದ್ರು. ಈಗ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೆಲಸ ಮುಗೀತದೆ."

ಪ್ರಫುಲ್ಲಾಳ ಕಿವಿ ನೆಟ್ಟಗಾಯಿತು. "ನಿಮ್ಮ ಲ್ಯಾಪ್‌ಟಾಪ್ ನೋಡುವುದು ಯಾರು?"

"ಉನೈಸನೇ. ಮತ್ತೆ ಯಾರು?"

ಸಿಕ್ಕಿಬಿದ್ದ! ತನ್ನ ಸ್ಪೀಡು ಎಲ್ಲಿಗೂ ಹೋಗಿಲ್ಲ, ಗೋಡೆಯ ಆಚೆಗೇ ಹೋಗಿದೆ. ಇದರ ಪ್ರೊಸೆಸರ್ ಕಿತ್ತು ಅದಕ್ಕೆ ಕೂರಿಸಲು ಅದೇನು ಹಂಚಿನ ಮಾಡಿನ ಹಂಚೇ ಎಂದು ಅವಳಿಗೆ ಹೊಳೆಯಲಿಲ್ಲ. ಸಂಶಯ ಬಂದವರಿಗೆ ಅಷ್ಟೆಲ್ಲ ಎಲ್ಲಿ ಹೊಳೆಯುತ್ತದೆ? ಸೆರಗು ಸಿಕ್ಕಿಸಿಕೊಂಡು ಝೆರಾಕ್ಸ್ ಅಂಗಡಿಗೆ ನುಗ್ಗಿದಳು. ಲ್ಯಾಪ್‌ಟಾಪಿನ ಮುಂದು ಹಿಂದು ನೋಡಿದಳು. ಬಗ್ಗಿ ಮೇಜಿನ ಕೆಳಗೂ ನೋಡಿದಳು.

ಕೆಳಗೆ ಅಡಾಪ್ಟರ್ ಇತ್ತು. ಅದರ ಬೆನ್ನ ಮೇಲೆ ಒಣಗಿದ ಗಂಧ, ನಡುವೆ ಕುಂಕುಮದ ಬೊಟ್ಟು.

ಆಯುಧಪೂಜೆಯ ದಿನ ಅಂಗಡಿಯ ಸ್ಟೇಪ್ಲರಿಗೂ ಬಿಡದೆ ಬೊಟ್ಟಿಡುವವಳು ಪ್ರಫುಲ್ಲಾ. ಈ ಬೊಟ್ಟು ಅವಳದೇ ಬೆರಳಿನದು.

"ಇದು ನನ್ನ ಅಡಾಪ್ಟರ್" ಎಂದಳು.

"ಹೌದಾ? ಸ್ವಲ್ಪ ದಪ್ಪ ಆದ ಹಾಗೆ ಕಂಡಿತ್ತು ನನಗೂ" ಎಂದ ರುಕ್ಮಯ್ಯ. "ಅಟ್ಟದ ತಂಡಿಗೆ ಉಬ್ಬಿರ್ಬೇಕು ಅಂದ್ಕೊಂಡೆ."

ಅವನ ಅಡಾಪ್ಟರ್ ಡೂಪ್ಲಿಕೇಟು. ಮೊದಲಿನದು ಸುಟ್ಟುಹೋದಾಗ ಸಂತೆಯ ಬದಿಯಲ್ಲಿ ಕೊಂಡದ್ದು. ಅವನ ಲ್ಯಾಪ್‌ಟಾಪು ತೆವಳತೊಡಗಿದ್ದೂ ಆಮೇಲೆಯೇ. ಅಟ್ಟದಿಂದ ಇಳಿಸುವ ಗಡಿಬಿಡಿಯಲ್ಲಿ ಆ ಡೂಪ್ಲಿಕೇಟು ಪ್ರಫುಲ್ಲಾಳ ಮೇಜಿಗೆ ಬಂದಿತ್ತು. ಪಿನ್ನು ಎರಡಕ್ಕೂ ಒಂದೇ. ಅವಳು ಮರಳಿ ಬಂದು, ಅಡಾಪ್ಟರ್ ಬದಲಿಸುವ ಮೊದಲು, ಬಾಕ್ಸನ್ನು ಆರಿಸಿ ಮತ್ತೆ ಹೊತ್ತಿಸಿದಳು. ಕಪ್ಪು ಪರದೆಯ ಎರಡು ಸಾಲನ್ನು ಮೊದಲ ಸಲ ಅಕ್ಷರ ಕೂಡಿಸಿ ಓದಿದಳು. ಸಿಕ್ಕಿಸಿರುವ ಅಡಾಪ್ಟರ್ ಯಾವುದೆಂದು ಗೊತ್ತಿಲ್ಲ, ಹಾಗಾಗಿ ವೇಗ ತಗ್ಗಿಸಿ ಓಡುತ್ತೇನೆ ಎಂದು ಅದು ಇಷ್ಟು ದಿನವೂ ಹೇಳುತ್ತಲೇ ಇತ್ತು.

ತನ್ನ ಅಡಾಪ್ಟರ್ ಸಿಕ್ಕಿಸಿದಳು. ವೇಗ ಮೂರು ದಾಟಿತು. ಫೋಟೋಗಳು ಪಟಪಟನೆ ತೆರೆದುಕೊಂಡವು. ಅವಳ ಕಣ್ಣು ಮಾತ್ರ ಫೋನಿನ ಕಡೆ ಹೋಯಿತು. ಗೊತ್ತಿಲ್ಲ ಎಂದು ತಾನೂ ಹೇಳಿದ್ದಳಲ್ಲ.

ಕೂಡಲೇ ಮುಂಡಾಜೆಗೆ ಫೋನ್ ಹಚ್ಚಿದಳು. "ಜುಲೈಕಮ್ಮ, ಆ ಹುಡುಗ ಬಹಳ ಒಳ್ಳೆಯವನು. ಕಣ್ಣುಮುಚ್ಚಿ ಕೊಡಿ."

"ಮೊನ್ನೆ ಗೊತ್ತಿಲ್ಲ ಅಂದ್ರಿ" ಎಂದರು ಜುಲೈಕಾ. "ಇವತ್ತು ಕಣ್ಣುಮುಚ್ಚಿ ಕೊಡಿ ಅಂತೀರಿ. ಯಾರಾದ್ರೂ ಹೇಳಿಕೊಟ್ರಾ?"

"ಅಯ್ಯೋ ಇಲ್ಲ ಮಾರಾಯ್ರೆ."

"ಹೇಳಿಕೊಟ್ಟವರೆಲ್ಲ ಇಲ್ಲ ಅಂತಲೇ ಹೇಳುವುದು" ಎಂದು ಫೋನಿಟ್ಟರು. ಪ್ರಫುಲ್ಲಾ ಜೀವಮಾನವಿಡೀ ಊರವರ ಮೇಲೆ ಎಸೆದ ಸಂಶಯ ತಿರುಗಿ ಬಂದು ಅವಳಿಗೇ ಬಡಿದಿತ್ತು.

ಶನಿವಾರ ಉನೈಸ್ ಬರುವ ಮೊದಲೇ ಅವಳು ಅಂಗಡಿಗೆ ಬೀಗ ಹಾಕಿ, ಎರಡು ಅಡಾಪ್ಟರನ್ನೂ ಚೀಲಕ್ಕೆ ತುಂಬಿ, ಬೆಳ್ತಂಗಡಿಯ ಬಸ್ಸು ಹತ್ತಿದಳು. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮುಂಡಾಜೆ. ಜುಲೈಕಾರ ಜಗಲಿಯಲ್ಲಿ ಅಡಾಪ್ಟರುಗಳನ್ನು ಹರಡಿಕೊಂಡು ನೆರೆ, ಅಟ್ಟ, ಬೊಟ್ಟು ಎಲ್ಲವನ್ನೂ ಒದರಿದಳು. ಕನ್ನಡಕದ ಮೇಲಿಂದ ನೋಡುತ್ತಿದ್ದ ಜುಲೈಕಾ ಕೊನೆಗೆ ಕೇಳಿದರು: "ಅವನನ್ನು ಕಳ್ಳ ಅಂತ ಎಣಿಸಿದ್ದು ಅವನಿಗೆ ಗೊತ್ತುಂಟಾ?"

"ಇಲ್ಲ."

"ಹಾಗಾದ್ರೆ ಹೇಳಿ. ಈಗ, ನನ್ನೆದುರು. ಫೋನ್ ಹಚ್ಚಿ, ನನಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿ."

ಪ್ರಫುಲ್ಲಾ ನಂಬರು ಒತ್ತಿದಳು. ಉನೈಸ್ ಫೋನೆತ್ತಿ, "ಅಕ್ಕ, ನಿಮ್ಮ ಅಂಗಡಿಯ ಹತ್ತಿರವೇ ಇದ್ದೇನೆ, ಬೀಗ ಉಂಟಲ್ಲ" ಎಂದ. ಅವಳು ಉಸಿರು ಬಿಡದೆ ಹೇಳಿ ಮುಗಿಸಿದಳು. ಮುಂಡಾಜೆಯವರಿಗೆ ಗೊತ್ತಿಲ್ಲ ಎಂದದ್ದನ್ನೂ ಹೇಳಿದಳು.

ಆ ಕಡೆ ಬಸ್ಸೊಂದು ಹಾದುಹೋದ ಸದ್ದು. ಆಮೇಲೆ ಅವನ ಸ್ವರ ಬಂತು. "ಅದಕ್ಕಾ ಅವರು ಸುಮ್ಮನಾದದ್ದು? ಉಮ್ಮ ಅವತ್ತಿನಿಂದ ಸರಿ ಊಟ ಮಾಡ್ಲಿಲ್ಲ."

ಜುಲೈಕಾ ಫೋನನ್ನು ತನ್ನ ಕಡೆ ಎಳೆದುಕೊಂಡರು. "ಮಗಾ, ನಾನು ರಿಫಾಳ ಸಣ್ಣಮ್ಮ. ಎಲ್ಲ ಕೇಳಿದೆ. ಈಗ ನನಗೊಂದು ಹೇಳು. ಈ ಪ್ರಫುಲ್ಲಕ್ಕ ಜನ ಹೇಗೆ?"

ಅವನು ಒಳ್ಳೆಯವರು ಎಂದುಬಿಡಲಿ ಎಂದು ಪ್ರಫುಲ್ಲಾ ಒಳಗೊಳಗೇ ಬೇಡಿಕೊಂಡಳು. ಹಾಗೆಂದರೆ ತನ್ನ ಮಾತಿಗೂ ಬೆಲೆ ಬರುತ್ತದೆ, ಅವನ ಸಂಬಂಧವೂ ಕೂಡುತ್ತದೆ.

"ಇಷ್ಟು ವರ್ಷ ಗೊತ್ತುಂಟು ಅಂತ ಎಣಿಸಿದ್ದೆ" ಎಂದ ಉನೈಸ್. "ಈಗ ನನಗೆ ಗೊತ್ತಿಲ್ಲ."

ಮತ್ತೆ ಪ್ರಫುಲ್ಲಾಳಿಗೆ, "ಮಿಷನ್ ಸರಿಯಾಯ್ತಲ್ಲ ಅಕ್ಕ, ಅಷ್ಟು ಆಯ್ತು" ಎಂದು ಫೋನಿಟ್ಟ.

ಜುಲೈಕಾ ಮುಗುಳ್ನಕ್ಕು ಒಳಗೆ ತಿರುಗಿ, "ರಿಫಾಳ ಉಮ್ಮನಿಗೆ ಫೋನ್ ಮಾಡಿ, ನಾಳೆ ಮೂಡಬಿದ್ರೆಗೆ ಹೋಗುವ" ಎಂದು ಕೂಗಿ ಹೇಳಿದರು. "ತನಗೆ ಲಾಭ ಇದ್ರೂ ಹುಡುಗನ ಬಾಯಲ್ಲಿ ಸುಳ್ಳು ಬರುವುದಿಲ್ಲ."

ಪ್ರಫುಲ್ಲಾ ಎರಡು ಅಡಾಪ್ಟರುಗಳ ವಯರನ್ನು ಬೇರೆ ಬೇರೆಯಾಗಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. "ಚಾ ಕುಡಿಯಿರಿ, ತಣಿಯುತ್ತದೆ" ಎಂದರು ಜುಲೈಕಾ. ಅವಳು ಲೋಟ ಎತ್ತಿಕೊಂಡಳು, ಆದರೆ ಕುಡಿಯದೆಯೇ ಕೆಳಗಿಟ್ಟಳು.